ಕುಮಿಸ್ ಪೀಪಾಯಿಗೆ ಬಿದ್ದ ಹಾಡಿನ ಡಬ್ಬಿ

ಸೊಂಗ್-ಕೋಲ್ ಹುಲ್ಲುಗಾವಲು,
ನಮ್ಮ ಗುಡಾರದಿಂದ,
೧೯ ಜುಲೈ ೨೦೧೨, ಗುರುವಾರ ಬೆಳಿಗ್ಗೆ

ಕಂದಾ ಜಿಪಾರ್,

ಹೇಗಿದ್ದೀಯ? ಮಲಗಿದ್ದೀಯ ತಾನೇ? ಈ ಕಾಗದವನ್ನು ಕಿಟಕಿಯ ಹತ್ತಿರ ನಿಂತುಕೊಂಡು ಓದುತ್ತಿದ್ದರೆ ಈಗಲೇ ಹೋಗಿ ಮಂಚ ಹತ್ತು, ಮಿಕ್ಕಿದ್ದನ್ನು ಮಲಗಿ ಓದು. ರಕ್ತ ಪೂರ್ತಿ ನಿಂತಿದೆಯೇ, ಇನ್ನೂ ಅಷ್ಟಿಷ್ಟು ಕಾಣಿಸುತ್ತಿದೆಯೇ? ಸೊಂಟದ ನೋವು ಹೇಗಿದೆ? ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿದಾಗ ಮಗುವಿನ ಎದೆಬಡಿತ ಸಿಕ್ಕಿತೇ? ಆಸ್ಪತ್ರೆಯ ಚಹಾ ನೀರಿನಂತಿರುತ್ತದೆ, ನನಗೆ ಗೊತ್ತು, ಆದರೂ ಕುಡಿ. ನಿನ್ನ ಮಂಚ ಬಾಗಿಲ ಪಕ್ಕದ್ದೋ ಗೋಡೆ ಪಕ್ಕದ್ದೋ? ಬಾಗಿಲ ಪಕ್ಕದ್ದಾದರೆ ಗಾಳಿ ಹೊಡೆಯುತ್ತದೆ, ನನ್ನ ಒಂಟೆ ಉಣ್ಣೆಯ ಶಾಲನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೋ, ಕಳಿಸಿದ್ದೇ ಅದಕ್ಕೆ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದೇನೆ, ಉತ್ತರಕ್ಕೆ ಮಾತ್ರ ಇನ್ನು ಮೂರು ದಿನ ಕಾಯಬೇಕು. ಈ ಬಯಲಿನಲ್ಲಿ ಫೋನನ್ನು ಎಷ್ಟು ಎತ್ತಿ ಹಿಡಿದರೂ ಸಿಗ್ನಲ್ ಸಿಗುವುದಿಲ್ಲ, ತೋಳು ನೋಯುತ್ತದೆ ಅಷ್ಟೇ.

ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದೆ. ನಿಜ ಹೇಳಬೇಕೆಂದರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಗುಡಾರದ ಒಳಗೂ ಹೊರಗೂ ತಿರುಗುತ್ತಿದ್ದೇನೆ. ಒಲೆಗೆ ಬೆರಣಿ ಹಾಕಿದ್ದು ಮರೆತು ಮತ್ತೆ ಹಾಕುತ್ತೇನೆ, ಚಹಾಕ್ಕೆ ಎರಡು ಸಲ ಉಪ್ಪು ಬೀಳುತ್ತದೆ. ನಿನ್ನ ಮಾವ ಬೆಳಿಗ್ಗೆ, “ಏ ಮುದುಕಿ, ನೀನು ಹಿಂಗೇ ಸುತ್ತುತ್ತಾ ಇದ್ರೆ ನನಗೆ ತಲೆ ಸುತ್ತು ಬರುತ್ತೆ. ಕುದುರೆ ಮರಿಗಳ ಸಾಲಲ್ಲಿ ಒಂದು ಗೂಟ ಹೊಡೆದು ನಿನ್ನನ್ನೂ ಕಟ್ಟಿಹಾಕ್ತೀನಿ ನೋಡು” ಎಂದು ಗದರಿದರು. ಮಧ್ಯಾಹ್ನದ ಹೊತ್ತಿಗೆ ಜೆಕ್ಷೆನ್ ಹಾಲಿನ ವ್ಯಾನು ತರುತ್ತಾನೆ, ಅಷ್ಟರೊಳಗೆ ಇದನ್ನು ಮುಗಿಸಬೇಕು, ನಡುನಡುವೆ ಎದ್ದು ಕುದುರೆಗಳ ಹಾಲು ಕರೆಯಬೇಕು. ಕುದುರೆಗಳು ಹೇಗಿವೆ ಎಂದು ನೀನು ಕೇಳುತ್ತೀಯ. ಎಲ್ಲ ಚೆನ್ನಾಗಿವೆ. ಆ ಹಣೆಬಿಳಿ ಚುಕ್ಕಿ ಮಾತ್ರ ನಿನ್ನೆ ಮಧ್ಯಾಹ್ನದಿಂದ ನನಗೆ ಹಾಲು ಇಳಿಸುತ್ತಿಲ್ಲ. ಹಾಡಿದರೆ ತಾನೇ ಅವಳು ಇಳಿಸುವುದು, ನನಗೋ ಗಂಟಲು ಕಟ್ಟಿಕೊಂಡಿದೆ. ಕೆರೆಯ ಕಡೆಯ ತಣ್ಣನೆ ಗಾಳಿ ಇರಬೇಕು.

ನೀನು ಕೆಳಗೆ ಆಸ್ಪತ್ರೆಗೆ ಹೋದ ಮೂರನೆಯ ದಿನ, ಶುಕ್ರವಾರ, ಜೆಕ್ಷೆನ್ ಬಂದವನು ಕ್ಯಾನು ಇಳಿಸುವ ಮೊದಲೇ ಮುಖ ಸಣ್ಣದು ಮಾಡಿಕೊಂಡು ನಿಂತ. “ಬುರುಲ್ ಅಪಾ, ನಿಮ್ಮ ಸೊಸೆ ಮಲಗ್ತಾನೇ ಇಲ್ವಂತೆ. ಅಲುಗಾಡದೆ ಬಿದ್ಕೋಬೇಕು ಅಂತ ಡಾಕ್ಟರು ಹೇಳಿದ್ರೆ, ಎದ್ದೆದ್ದು ಕಾರಿಡಾರಿನಲ್ಲಿ ಓಡಾಡ್ತಾಳಂತೆ, ಅಳ್ತಾಳಂತೆ. ಏನಾದ್ರೂ ಬೇಕಾ ತಂಗಿ ಅಂದೆ. ನನ್ನ ಹಾಡಿನ ಡಬ್ಬಿ ಕಳಿಸೋಕೆ ಹೇಳಣ್ಣ, ಅದ್ರಲ್ಲಿ ಒಂದು ಇದೆ, ಅದನ್ನ ಕೇಳಿದ್ರೆ ಮಲಗೋಕಾಗುತ್ತೆ ಅಂದ್ಲು” ಎಂದ. ನನ್ನ ಕೈಯಲ್ಲಿದ್ದ ಬಕೆಟ್ ಹಾಗೇ ನೆಲಕ್ಕೆ ಕೂತಿತು. ಹಣ್ಣು ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ, ರಷ್ಯಾದಲ್ಲಿರುವ ನಿನ್ನ ಗಂಡ ಕಿಲಿಚ್‌ಗೆ ಸುದ್ದಿ ಕಳಿಸಿ ಎಂದೂ ಕೇಳಲಿಲ್ಲ. ಹೋದ ವರ್ಷವೂ ಇದೇ ಐದನೆಯ ತಿಂಗಳಲ್ಲಿ ಕೈತಪ್ಪಿ ಹೋಯಿತಲ್ಲ. ಈ ಸಲ ಮಲಗಿದ್ದರೆ ಉಳಿಯುತ್ತದೆ, ಎದ್ದರೆ ಇಲ್ಲ ಎಂದು ಡಾಕ್ಟರಮ್ಮ ಅವನ ಕೈಲೇ ಹೇಳಿ ಕಳಿಸಿದ್ದರು. ನಿನ್ನನ್ನು ಮಲಗಿಸುವುದು ಆ ಬೆರಳುದ್ದದ ಡಬ್ಬಿ ಒಂದೇ ಎಂದಾಯಿತು. ಅದು ಇದ್ದದ್ದು ನನ್ನ ಹತ್ತಿರ.

ಅದು ನನ್ನ ಹತ್ತಿರ ಹೇಗೆ ಬಂತು ಎಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಆ ಭಾನುವಾರ ಪಕ್ಕದ ಗುಡಾರದ ಉಲ್ಕಾನ್ ಚಹಾಕ್ಕೆ ಬಂದಿದ್ದಳು. ನಾನು ಎಂದಿನಂತೆ ಜಂಬ ಕೊಚ್ಚಿಕೊಳ್ಳುತ್ತಾ ಕೂತಿದ್ದೆ. “ನಿನ್ನ ಸೊಸೆ ಒಂದಕ್ಕೆ ಎರಡು ತಿರುಗಿಸಿ ಕೊಡ್ತಾಳೆ. ನನ್ನವಳನ್ನ ನೋಡೇ, ನಾನು ಬೆಳಗಿಂದ ಸಂಜೆವರೆಗೆ ಬೈದ್ರೂ ತುಟಿ ಬಿಚ್ಚಲ್ಲ. ತಲೆಬಟ್ಟೆ ಹುಬ್ಬಿನ ತನಕ ಎಳ್ಕೊಂಡು ತಲೆ ತಗ್ಗಿಸಿರ್ತಾಳೆ. ಸೊಸೆ ಅಂದ್ರೆ ಹಿಂಗಿರಬೇಕು” ಎಂದೆ. ನೀನು ಬಗ್ಗಿ ಅವಳ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದೆ. ಆ ಹಾಳು ಉಲ್ಕಾನ್ ಕಣ್ಣು ಹದ್ದಿನದ್ದು. ಕೈ ಚಾಚಿ ನಿನ್ನ ಬಿಳಿ ತಲೆಬಟ್ಟೆಯ ಅಂಚಿನಿಂದ ಒಂದು ವೈರು ಎಳೆದಳು, ವೈರಿನ ತುದಿಯಲ್ಲಿ ಗುಬುಟು, ಗುಬುಟಿನಿಂದ ಡುಂಡುಂ ಎಂದು ಮದುವೆ ಬ್ಯಾಂಡಿನ ಹಾಡು. “ಅಯ್ಯೋ ಬುರುಲ್, ನಿನ್ನ ಸೊಸೆ ಬಾಯಿ ಮುಚ್ಚಿರೋದು ಯಾಕೆ ಅಂತ ಈಗ ಗೊತ್ತಾಯ್ತು ಕಣೇ. ಕಿವಿ ಮುಚ್ಕೊಂಡಿದ್ದಾಳೆ!” ಎಂದು ತೊಡೆ ತಟ್ಟಿಕೊಂಡು ನಕ್ಕಳು. ಸಂಜೆಯೊಳಗೆ ಬಯಲಿನ ಹನ್ನೊಂದು ಗುಡಾರಕ್ಕೂ ಸುದ್ದಿ ಹೋಯಿತು. ಬೇಸಿಗೆ ಶುರುವಾದಾಗಿನಿಂದ ನಾನು ಬೈದದ್ದೆಲ್ಲ ಗಾಳಿಗೆ ಬೈದ ಹಾಗಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಉಲ್ಕಾನ್ ಹೊಸ್ತಿಲು ದಾಟುತ್ತಿದ್ದಂತೆ ನಿನ್ನ ಕೊರಳಿಂದ ಡಬ್ಬಿ ಕಿತ್ತುಕೊಂಡೆ. ನೀನು ತಲೆಬಟ್ಟೆ ಸರಿಮಾಡಿಕೊಂಡು ಬಟ್ಟಲು ತೊಳೆಯಲು ಹೋದೆ. ಎರಡು ದಿನಕ್ಕೆ ನಿನಗೆ ರಕ್ತ ಕಾಣಿಸಿತು, ಜೆಕ್ಷೆನ್ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಹಾಸಿಗೆ ಹಾಸಿ ನಿನ್ನನ್ನು ಮಲಗಿಸಿದೆವು. ಆಗಲೂ ನೀನು ಅದನ್ನು ಕೇಳಲಿಲ್ಲ. ನಾನು ಕೊಡಲೂ ಇಲ್ಲ.

ಶುಕ್ರವಾರ ನೋಡಿದರೆ ಅದು ಕುಮಿಸ್ ಪೀಪಾಯಿಯ ತಳದಲ್ಲಿತ್ತು. ಅಂಗಿಯ ಜೇಬಿಗೆ ಹಾಕಿಕೊಂಡಿದ್ದೆ, ಕಡೆಯಲು ಬಗ್ಗಿದಾಗ ಜಾರಿ ಬಿದ್ದಿರಬೇಕು. ಹೇಗೆ ಬಿತ್ತೋ ಏನೋ, ಬಿದ್ದಿತ್ತು. ಐದು ದಿನ! ಹುಳಿ ಬಂದು ನೊರೆಯೇಳುವ ಕುದುರೆ ಹಾಲಿನಲ್ಲಿ ಐದು ದಿನ ಬಿದ್ದಿದ್ದರೆ ಚರ್ಮವೇ ಹದ ಬರುತ್ತದೆ, ಇನ್ನು ಪ್ಲಾಸ್ಟಿಕ್ಕು ಎಷ್ಟರದು. ತೋಳು ಮುಳುಗಿಸಿ ತೆಗೆದೆ. ನಿನ್ನ ಮಾವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು, ತೋಳು ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಒಂದು ಸಮಾಧಾನ ಏನೆಂದರೆ ಗುರುವಾರ ಉಲ್ಕಾನ್ ಬಂದು ಅದೇ ಪೀಪಾಯಿಯ ಕುಮಿಸ್ ಎರಡು ಬಟ್ಟಲು ಕುಡಿದು, “ಈ ಸಲ ಎಂಥಾ ಖಾರ ಬಂದಿದೆಯೇ, ಏನು ಹಾಕಿದ್ದೀಯ?” ಎಂದು ಹೊಗಳಿ ಹೋಗಿದ್ದಳು. ನಗಬೇಡ, ಹೊಟ್ಟೆ ಅಲುಗುತ್ತದೆ. ಅವಳು ಗುಂಡುಕಲ್ಲಿನ ಹಾಗಿದ್ದಾಳೆ, ಏನೂ ಆಗಿಲ್ಲ. ಮಿಕ್ಕಿದ್ದನ್ನು ನೆಲಕ್ಕೆ ಚೆಲ್ಲಿದೆವು.

ಡಬ್ಬಿಯ ಗುಂಡಿ ಒತ್ತಿದೆ. ಮೇಲಿನದು ಒತ್ತಿದೆ, ಪಕ್ಕದ್ದು ಒತ್ತಿದೆ, ಎರಡನ್ನೂ ಒಟ್ಟಿಗೆ ಒತ್ತಿ ನೂರರವರೆಗೆ ಎಣಿಸಿದೆ. ಏನಿಲ್ಲ. ನಿರ್ಜೀವವಾದದ್ದನ್ನು ಬದುಕಿಸುವುದು ನನಗೆ ಒಂದೇ ರೀತಿ ಗೊತ್ತು. ಹಿಮದಲ್ಲಿ ಹುಟ್ಟಿ ಸೆಟೆದ ಕುರಿಮರಿಗಳನ್ನು ನಾನು ಎಷ್ಟು ಬದುಕಿಸಿಲ್ಲ! ಹಾಗೇ ಮಾಡಿದೆ. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ, ಅಂಗೈಯಲ್ಲಿಟ್ಟು ಉಜ್ಜಿದೆ, ಉಣ್ಣೆಗಂಬಳಿಯ ತುಂಡಿನಲ್ಲಿ ಸುತ್ತಿ ಒಲೆಯ ಪಕ್ಕದ ಚೀಲದಲ್ಲಿ ನೇತುಹಾಕಿದೆ. ದೃಷ್ಟಿಯಾಗಿದ್ದರೂ ಹೋಗಲಿ ಎಂದು ಅರ್ಚಾ ಗಿಡದ ಸೊಪ್ಪು ಸುಟ್ಟು ಅದರ ಸುತ್ತ ಮೂರು ಸುತ್ತು ಹೊಗೆ ಹಾಕಿದೆ. ಗಳಿಗೆಗೊಮ್ಮೆ ಬಿಚ್ಚಿ ನೋಡುವುದು, ಗುಂಡಿ ಒತ್ತುವುದು, ಮತ್ತೆ ಸುತ್ತುವುದು. ಶನಿವಾರ ಬೆಳಿಗ್ಗೆ ನೋಡಿದರೆ ಮುಚ್ಚಳದ ಒಂದು ಮೂಲೆ ಬಿಸಿಗೆ ಕರಗಿ ನಾಯಿಯ ಕಿವಿಯಂತೆ ಮಡಚಿಕೊಂಡಿದೆ. ನನಗೆ ಅಳು ಬಂತು. ನಿನ್ನ ಮಾವ ಎತ್ತಿ ನೋಡಿ, “ಇದಕ್ಕೆ ಹಾಲೂ ಕುಡಿಸಿದ್ಯಾ?” ಎಂದರು. “ಅದು ಮೊದಲೇ ಕುಡಿದಿದೆ” ಎಂದೆ.

ಅವರು ಸೈನ್ಯದಲ್ಲಿ ಎರಡು ವರ್ಷ ರೇಡಿಯೋ ಹೊತ್ತವರು, ಆ ಕತೆ ನೀನು ಎಷ್ಟು ಸಲ ಕೇಳಿದ್ದೀಯೋ. ಆ ರೇಡಿಯೋ ಒಂದು ಕರುವಿನಷ್ಟು ದೊಡ್ಡದಿತ್ತು, ಇದು ಅದರ ಗೊರಸಿನಷ್ಟೂ ಇಲ್ಲ. ಆದರೂ, “ತಂತಿ ತಂತೀನೇ, ಕರೆಂಟು ಕರೆಂಟೇ. ದಾರಿ ಬಿಡು” ಎಂದು ಕನ್ನಡಕ ಏರಿಸಿ, ಬಿಸಿಲಿಗೆ ಮಣೆ ಹಾಕಿಕೊಂಡು, ಉಣ್ಣೆ ಕತ್ತರಿಸುವ ಕತ್ತರಿಯ ತುದಿಯಿಂದ ಮೊಳೆ ತಿರುಗಿಸಲು ಕೂತರು. ನಾಲ್ಕು ಮೊಳೆ, ಒಂದೊಂದೂ ಚಿಗಟದ ಗಾತ್ರ. ಒಂದು ಹುಲ್ಲಿಗೆ ಹಾರಿತು. ಅದನ್ನು ಹುಡುಕಲು ನಾನೂ ಅವರೂ ನಾಲ್ಕು ಕಾಲಿನಲ್ಲಿ ಅರ್ಧ ಗಂಟೆ ಹುಲ್ಲು ಮೂಸಿದೆವು, ಕುರಿಗಳು ನಿಂತು ನಮ್ಮನ್ನೇ ನೋಡಿದವು. ಸಿಗಲಿಲ್ಲ. ಒಳಗೆ ನೋಡಿದರೆ ಬಿಳಿ ಹಿಟ್ಟು, ಹಸಿರು ಕಿಲುಬು, ಹುಳಿ ವಾಸನೆ. ಕುದುರೆಯ ಬಾಲದ ಕೂದಲನ್ನು ಕಟ್ಟಿ ಕುಂಚ ಮಾಡಿದರು, ಅದನ್ನು ವೋಡ್ಕಾದಲ್ಲಿ ಅದ್ದಿ ಅದ್ದಿ ಉಜ್ಜಿದರು. ಅತಿಥಿಗೆಂದು ಇಟ್ಟಿದ್ದ ಶೀಸೆ ಅದು. ಡಬ್ಬಿಗೆ ಒಂದು ಹನಿ, ಅವರಿಗೆ ಒಂದು ಗುಟುಕು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಿಂತ ಅವರೇ ಹೆಚ್ಚು ಸ್ವಚ್ಛವಾಗಿದ್ದರು. ಹಾಡು ಶುರುವಾದದ್ದೂ ಅವರದೇ, ಡಬ್ಬಿಯದಲ್ಲ.

ಸೋಮವಾರ ಜೆಕ್ಷೆನ್ ಹೊಸ ಸೆಲ್ ತಂದ. ಕಡ್ಡಿಯಂಥ ಸಣ್ಣ ಸೆಲ್ಲುಗಳು, ನಾಲ್ಕು. ಒಂದಾದ ಮೇಲೊಂದು ಹಾಕಿದೆವು. ಡಬ್ಬಿ ಕಮಕ್ ಕಿಮಕ್ ಎನ್ನಲಿಲ್ಲ. ಸೆಲ್ಲಿನ ಜೊತೆ ಅವನು ಡಾಕ್ಟರಮ್ಮನ ಮಾತನ್ನೂ ತಂದಿದ್ದ. “ಹೀಗೇ ಓಡಾಡ್ತಾ ಇದ್ರೆ ಈ ವಾರ ದಾಟೋದು ಕಷ್ಟ, ಮನೆಯವರು ಯಾರಾದ್ರೂ ಬುದ್ಧಿ ಹೇಳಿ ಅಂದ್ರು ಅಪಾ” ಎಂದ. ಯಾರು ಹೇಳುವುದು? ಹೆತ್ತ ತಾಯಿ ನಿನಗಿಲ್ಲ, ಗಂಡ ಅಷ್ಟು ದೂರ ಕಟ್ಟಡದ ಮೇಲೆ ಇಟ್ಟಿಗೆ ಜೋಡಿಸುತ್ತಿದ್ದಾನೆ. ನಾನು ಬರೋಣವೆಂದರೆ ಹದಿನಾಲ್ಕು ಕುದುರೆಗಳನ್ನು ಕರೆಯುವವರಿಲ್ಲ, ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಸಾಯುತ್ತವೆ. ಇನ್ನೊಂದು ಮಾತೂ ಇದೆ. ನಾನು ಬಂದು ನಿನ್ನ ಪಕ್ಕ ಕೂತರೆ ನೀನು ಮಲಗುತ್ತೀಯೋ ಎದ್ದು ಗೋಡೆ ಕಡೆ ಸರಿಯುತ್ತೀಯೋ, ಅದು ನನಗೆ ಖಾತ್ರಿಯಿರಲಿಲ್ಲ. “ಗುರುವಾರಕ್ಕೆ ಹಾಡೋ ಡಬ್ಬಿ ಕೊಟ್ಟು ಕಳಿಸ್ತೀನಿ ಅಂತ ಹೇಳಪ್ಪ ಅವಳಿಗೆ” ಎಂದುಬಿಟ್ಟೆ. ಬಾಯಿ ಜಾರಿ ಬಂದ ಮಾತು. ನಿನ್ನ ಮಾವ ಹಣೆ ಚಚ್ಚಿಕೊಂಡರು.

ಮಂಗಳವಾರ ಪೂರ್ತಿ ಅವರ ಜೊತೆ ಜಗಳ. ಕೊನೆಗೆ ಕೊರತೆ ಎಲ್ಲಿದೆ ಎಂದು ಅವರಿಗೆ ಕಂಡಿತು. ಸೆಲ್ಲಿನ ಬುಡಕ್ಕೆ ತಾಗುವ ಸುರುಳಿ ತಂತಿ ಇರುತ್ತದಲ್ಲ, ಅದು ಹುಳಿಗೆ ಕೊಳೆತು ಮುಟ್ಟಿದರೆ ಪುಡಿಯಾಗುತ್ತಿತ್ತು. ಕಬ್ಬಿಣದ ತಂತಿ ಬಗ್ಗಿಸಿ ನೋಡಿದರು, ದಪ್ಪವಾಯಿತು. ಚಹಾ ಪೊಟ್ಟಣದ ಹೊಳೆಯುವ ಕಾಗದ ಮಡಚಿ ಇಟ್ಟರು, ಕಿತ್ತುಹೋಯಿತು. “ತಾಮ್ರ ಬೇಕು, ಇಲ್ಲಾ ಬೆಳ್ಳಿ ಬೇಕು, ಸಣ್ಣ ಎಳೆ” ಎಂದು ಗೊಣಗಿದರು. ನಾನು ಬಲಗಿವಿಯ ಬೆಳ್ಳಿ ಓಲೆ ಬಿಚ್ಚಿ ಅವರ ಮಂಡಿಯ ಮೇಲಿಟ್ಟೆ. ಅವರು ಗಾಬರಿಯಾದರು. “ಏ, ಇದು ನಮ್ಮ ಅಮ್ಮ ನಿನ್ನ ಕಿವಿಗೆ ಹಾಕಿದ್ದು ಕಣೇ.” ಹೌದು, ನಲವತ್ತೊಂದು ವರ್ಷದ ಹಿಂದೆ ಅವರಮ್ಮ ನಮ್ಮ ಮನೆಗೆ ಬಂದು, ನನ್ನನ್ನು ಒಪ್ಪಿಗೆಯೇ ಎಂದು ಕೇಳದೆ, ತಲೆ ಹಿಡಿದು ಕಿವಿಗೆ ಓಲೆ ಸಿಕ್ಕಿಸಿ, “ಇನ್ನು ಇವಳು ನಮ್ಮವಳು” ಎಂದಿದ್ದರು. ನಾನು ನಿನಗೂ ಹಾಗೇ ಮಾಡಿದೆ. ಓಲೆ ಸಿಕ್ಕಿಸುವಾಗ ನಿನ್ನ ಕಿವಿ ಬೆಂಕಿಯಷ್ಟು ಬಿಸಿಯಿತ್ತು, ಈಗಲೂ ಬೆರಳಿಗೆ ನೆನಪಿದೆ. “ಅತ್ತೆ ಇದ್ದಿದ್ರೆ ಎರಡನ್ನೂ ಕತ್ತರಿಸು ಅಂತಿದ್ರು, ಸುಮ್ಮನೆ ಕತ್ತರಿಸಿ” ಎಂದೆ. ಕೊಕ್ಕೆ ಕತ್ತರಿಸಿ ಸೂಜಿಗೆ ಸುತ್ತಿ ಸುರುಳಿ ಮಾಡಿದರು. ಅಷ್ಟು ಮಾಡಿದರೂ ಡಬ್ಬಿ ಮಾತಾಡಲಿಲ್ಲ. ನಾನು ಕೆಟ್ಟ ಕೆಟ್ಟ ಮಾತೆಲ್ಲ ಆಡಿದೆ. ನಿನ್ನೆ ಮಧ್ಯಾಹ್ನ ಚಹಾ ಕುಡಿಯುತ್ತಾ ಅವರೇ, “ಮುದುಕಿ, ಬೈಬೇಡ. ಸೆಲ್ ತಲೆಕೆಳಗು ಹಾಕಿದ್ದೆ” ಎಂದರು. ತಿರುಗಿಸಿ ಹಾಕಿದರು. ಪುಟ್ಟ ದೀಪ, ಎಳ್ಳಿನಷ್ಟು, ಹಸಿರು. ನಾನು ಕೂಗಿದ ಕೂಗಿಗೆ ನಾಯಿ ಬೊಗಳಿತು.

ಗುಬುಟು ಒಂದನ್ನು ನನ್ನ ಕಿವಿಗೆ, ಇನ್ನೊಂದನ್ನು ಅವರ ಕಿವಿಗೆ ಸಿಕ್ಕಿಸಿಕೊಂಡೆವು. ಮೊದಲು ಆ ಡುಂಡುಂ. ಆಮೇಲೆ ಇನ್ನೊಂದು ಡುಂಡುಂ. ಯಾವುದನ್ನು ಕೇಳಿದರೆ ನೀನು ಮಲಗುತ್ತೀಯೋ ಅದು ಇರಬೇಕಲ್ಲ, ಹೋಗಿದ್ದರೆ ಏನು ಗತಿ ಎಂದು ಗುಂಡಿ ಒತ್ತುತ್ತಾ ಹೋದೆ. ಕಿಲಿಚ್ ಹೋಗುವ ಮುನ್ನ ಇದನ್ನು ನಿನಗೆ ಕೊಟ್ಟನಲ್ಲ, ಅವನ ದನಿಯೇ ಇರಬೇಕು ಎಂದು ನನ್ನ ಲೆಕ್ಕ. ಎಲ್ಲದರ ಕೊನೆಯಲ್ಲಿ ಗಾಳಿಯ ಸದ್ದು ಬಂತು, ಹಾಲು ಬಕೆಟ್ಟಿಗೆ ಬೀಳುವ ಸದ್ದು ಬಂತು, ಆಮೇಲೆ ಯಾರೋ ಹೆಂಗಸು ಹಾಡುತ್ತಿದ್ದಳು. ಕುರೂ ಕುರೂ, ಇಳಿಸು ನನ್ನ ಅಮ್ಮಾ, ಬೆಟ್ಟದ ಹುಲ್ಲೆಲ್ಲ ನಿನ್ನದು, ಕೆರೆಯ ನೀರೆಲ್ಲ ನಿನ್ನದು, ಹೆದರಬೇಡ, ನಾನಿದ್ದೇನೆ. ಯಾರಪ್ಪ ಇವಳು, ಎಂಥಾ ಮೆತ್ತನೆ ಗಂಟಲು ಎಂದುಕೊಂಡೆ. ನಾನೇ. ನಾನು ಚುಕ್ಕಿಯನ್ನು ಕರೆಯುತ್ತಿದ್ದೇನೆ. ನೀನು ಮರಿಯ ಹಗ್ಗ ಹಿಡಿದು ಪಕ್ಕದಲ್ಲಿ ನಿಂತು, ತಲೆಬಟ್ಟೆಯೊಳಗೆ ಆ ಡಬ್ಬಿ ಇಟ್ಟುಕೊಂಡು ನನ್ನ ಹಾಡನ್ನು ಹಿಡಿದಿಟ್ಟಿದ್ದೀಯ. ಹೇಳಿಕೊಡಿ ಅಪಾ ಎಂದು ಕೇಳಿದರೆ ಏನು ಅನ್ನುತ್ತೇನೋ ಎಂದು ಹೆದರಿರಬೇಕು. ಹಾಡು ನಡುವೆ ಸ್ವಲ್ಪ ನಿಲ್ಲುತ್ತದೆ, ಏನೋ ಮಾತು ಇದೆ, ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಮತ್ತೆ ಹಾಡು. ನಿನ್ನ ಮಾವ ಗುಬುಟು ತೆಗೆದು ನನ್ನ ಕೈಗೆ ಕೊಟ್ಟು, ಕುದುರೆ ನೋಡಿ ಬರುತ್ತೇನೆ ಎಂದು ಎದ್ದು ಹೋದರು. ಕುದುರೆಗಳು ಗುಡಾರದ ಎದುರಿಗೇ ಇದ್ದವು.

ಡಬ್ಬಿಯನ್ನು ಉಣ್ಣೆ ಚೀಲದಲ್ಲಿ ಹೊಲಿದು ಕಳಿಸುತ್ತಿದ್ದೇನೆ. ಮಡಚಿದ ಮೂಲೆಯನ್ನು ಎಳೆಯಬೇಡ, ಮುರಿದೀತು. ಮೊಳೆ ಮೂರೇ ಇವೆ, ನಾಲ್ಕನೆಯದರ ಜಾಗಕ್ಕೆ ದಾರ ಕಟ್ಟಿದ್ದೇನೆ. ಸೆಲ್ಲಿನ ಉಬ್ಬಿದ ತುದಿ ಬೆಳ್ಳಿಯ ಕಡೆ ಬರಬಾರದು, ಆಚೆ ಕಡೆ ಬರಬೇಕು, ನಿನ್ನ ಮಾವನ ಹಾಗೆ ಮಾಡಿಕೊಳ್ಳಬೇಡ. ಜೊತೆಗೆ ಒಣಮೊಸರಿನ ಉಂಡೆ, ಕೆನೆ, ಬೆಳಿಗ್ಗೆ ಕರಿದ ಬೊರ್ಸೊಕ್ ಇವೆ; ಪಕ್ಕದ ಮಂಚದವರಿಗೂ ಕೊಡು, ಒಬ್ಬಳೇ ತಿಂದಳು ಎಂದು ಅನ್ನಿಸಿಕೊಳ್ಳಬೇಡ. ಉಣ್ಣೆಯ ಕಾಲುಚೀಲ ಎರಡು ಜೊತೆ. ನಿನ್ನ ಮಾವ ಹಾರೈಕೆ ಹೇಳಿದ್ದಾರೆ. ಉಲ್ಕಾನ್ ಕೂಡ ಕೇಳಿದಳು, ನಿನ್ನೆ ಬಂದು ಮುಖ ಇಳಿಬಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. “ನಾನು ವೈರು ಎಳೀಬಾರದಿತ್ತು ಬುರುಲ್” ಎಂದಳು. ನಾನು ಅವಳ ಬಟ್ಟಲಿಗೆ ಇನ್ನೊಂದಿಷ್ಟು ಚಹಾ ಬಗ್ಗಿಸಿದೆ.

ಎರಡೂ ಅಂಗೈ ಬಿಚ್ಚಿ ಹಿಡಿದಿದ್ದೇನೆ ಕಂದಾ. ನಿನ್ನ ಹೊಟ್ಟೆ ತಣ್ಣಗಿರಲಿ, ಒಳಗಿರುವುದು ತಿಂಗಳು ತುಂಬಿ, ತೂಕ ತುಂಬಿ, ಗಟ್ಟಿ ದನಿಯಲ್ಲಿ ಅಳುತ್ತಾ ಹೊರಗೆ ಬರಲಿ. ನೀನು ನಿನ್ನ ಕಾಲ ಮೇಲೆ ನಡೆದು ನಮ್ಮ ಹೊಸ್ತಿಲು ದಾಟುವಂತಾಗಲಿ. ದೇವರು ಕೇಳಿಸಿಕೊಳ್ಳಲಿ.

ಇಂತು
ನಿನ್ನ ಅತ್ತೆ, ನೀನು ಅಪಾ ಎಂದು ಕರೆಯುವ
ಬುರುಲ್

ಮತ್ತೆ ಬರೆದದ್ದು: ಜೆಕ್ಷೆನ್ ಬಂದ, ಕ್ಯಾನು ತುಂಬಿಸುತ್ತಿದ್ದಾನೆ, ಎಂಜಿನ್ ಆರಿಸಿಲ್ಲ. ಬೇಗ ಬರೆಯುತ್ತೇನೆ. ಡಬ್ಬಿ ಜೇಬಿನಿಂದ ಜಾರಲಿಲ್ಲ. ಆ ಭಾನುವಾರ ನಾನೇ ಎತ್ತಿ ಪೀಪಾಯಿಗೆ ಎಸೆದೆ, ಅನ್ನದಂಥ ಕುಮಿಸ್‌ಗೆ. ಮಾತು ಗಾಳಿಗೆ ಕೇಳಿಸಲಿಲ್ಲ ಎಂದು ಬರೆದೆನಲ್ಲ, ಅದೂ ಸುಳ್ಳು. ಚೆನ್ನಾಗಿ ಕೇಳಿಸಿತು. ಮರಿಯ ಹಗ್ಗ ನಿನ್ನ ಕೈಯಿಂದ ಜಾರಿದೆ, ನಾನು ಹಾಡು ನಿಲ್ಲಿಸಿ, “ಹೊಟ್ಟೇಲಿದ್ದದ್ದನ್ನೇ ಹಿಡಿದಿಟ್ಕೊಳ್ಳೋಕಾಗಲಿಲ್ಲ ನಿನಗೆ, ಹಗ್ಗ ಏನು ಹಿಡೀತೀಯ” ಎನ್ನುತ್ತೇನೆ. ಹಾಗಂದು ಮತ್ತೆ ಕುದುರೆಗೆ ‘ಹೆದರಬೇಡ ನನ್ನ ಅಮ್ಮಾ’ ಎಂದು ಹಾಡುತ್ತೇನೆ. ಅದೇ ಬಾಯಿ, ಅದೇ ಉಸಿರು. ನಾನು ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ನಿನಗೆ ಬೈಗುಳ ಒಂದೂ ಕೇಳಿಸಿಲ್ಲ ಎಂದು ನಾನು ಉರಿದುಕೊಂಡಿದ್ದೆ. ನೀನು ಆ ಹಾಡು ಕೇಳಲು ಪ್ರತಿ ಸಲವೂ ಆ ಮಾತನ್ನು ದಾಟಿಕೊಂಡು ಹೋಗಿದ್ದೀಯ. ನನ್ನ ಗಂಟಲು ಕಟ್ಟಿದ್ದು ತಣ್ಣನೆ ಗಾಳಿಗೆ ಅಲ್ಲ. ನಿನ್ನೆಯಿಂದ ಕುದುರೆಯ ಮುಂದೆ ಬಾಯಿ ತೆರೆಯಲು ನಾಚಿಕೆ. ತಪ್ಪಾಯಿತು ಜಿಪಾರ್. ಹೋದ ವರ್ಷದ್ದೂ ನಿನ್ನ ತಪ್ಪಲ್ಲ, ಯಾವತ್ತೂ ಆಗಿರಲಿಲ್ಲ. ಇಂದು ಬೆಳಿಗ್ಗೆ ನಿನ್ನ ಮಾವನನ್ನು ಆಚೆ ಕಳಿಸಿ ದನಿ ಹಿಡಿದಿಡುವ ಆ ಕೆಂಪು ಗುಂಡಿ ಒತ್ತಿ ಹಿಡಿದು ಹಾಡಿದ್ದೇನೆ. ಎಲ್ಲದರ ಕೊನೆಯಲ್ಲಿದೆ. ಅದರಲ್ಲಿ ಕುದುರೆ ಇಲ್ಲ, ನಿನ್ನ ಹೆಸರಿದೆ. ದನಿ ಎರಡು ಕಡೆ ಒಡೆದಿದೆ, ಮತ್ತೆ ಹಾಡಲು ಹೊತ್ತಿರಲಿಲ್ಲ. ಹಳೆಯದನ್ನು ಅಳಿಸುವುದು ಹೇಗೆಂದು ನಿನ್ನ ಮಾವ ತೋರಿಸಿದರು, ಹೆಬ್ಬೆರಳು ಮೂರು ಸಲ ಅಲ್ಲಿಗೆ ಹೋಯಿತು. ಅಳಿಸಲಿಲ್ಲ. ನೀನೂ ಅಳಿಸಬೇಡ. ನನ್ನ ನಾಲಗೆ ಮತ್ತೆ ಹಾಗೆ ಹರಿದ ದಿನ, ನೀನು ಒಂದು ಮಾತೂ ಆಡಬೇಡ, ಬಂದು ಆ ಗುಬುಟನ್ನು ನನ್ನ ಕಿವಿಗೆ ಸಿಕ್ಕಿಸು. ಜೆಕ್ಷೆನ್ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಓದಿದ್ದಾಯಿತಲ್ಲ, ಏಳಬೇ­ಡ. ಮಲಗಿರು.